ಎಂಟನೇ ಚಕ್ರ ನೆಲ ಮುಟ್ಟದಿದ್ದಾಗ: ಹಗುರ ಕವಚ ವಾಹನಗಳ ಮಾದರಿಯಲ್ಲಿ ದೋಷ ಹುಡುಕುವ ಬಗೆ

ನನ್ನ ಮೊದಲ ಎಲ್‌ಎವಿ-25 (ಅಮೆರಿಕದ ಎಂಟು ಚಕ್ರದ ಹಗುರ ಕವಚ ವಾಹನ) ಪ್ಲಾಸ್ಟಿಕ್ ಮಾದರಿ ಕಟ್ಟಿ ಮೇಜಿನ ಮೇಲೆ ಇಟ್ಟಾಗ ಬಲಗಡೆಯ ಕಟ್ಟಕಡೆಯ ಚಕ್ರ ಗಾಳಿಯಲ್ಲಿ ನಿಂತಿತ್ತು. 1/35 ಅಳತೆಯ ಕಿಟ್, ಎಂಟು ಚಕ್ರ, ಏಳು ಮಾತ್ರ ನೆಲದ ಮೇಲೆ. ಆಗ ನಾನು ಮಾಡಿದ್ದು ಬಹಳ ಜನ ಮಾಡುವುದನ್ನೇ. ಆ ಚಕ್ರದ ಸಸ್ಪೆನ್ಷನ್ ಆರ್ಮ್ ಅನ್ನು, ಅಂದರೆ ಚಕ್ರವನ್ನು ಬಾಡಿಗೆ ಸೇರಿಸುವ ತೋಳನ್ನು, ಬೆರಳಲ್ಲಿ ಒತ್ತಿ ಕೆಳಕ್ಕೆ ಬಗ್ಗಿಸಿದೆ, ಬುಡಕ್ಕೆ ಇನ್ನೊಂದಿಷ್ಟು ಅಂಟು ಬಿಟ್ಟೆ, ಒಣಗುವವರೆಗೆ ಹಿಡಿದುಕೊಂಡೆ. ಚಕ್ರ ನೆಲ ಮುಟ್ಟಿತು. ಬಣ್ಣವೂ ಆಯಿತು. ಎನಾಮಲ್ ವಾಶ್ (ಥಿನ್ನರ್‌ನಲ್ಲಿ ತುಂಬಾ ತೆಳು ಮಾಡಿದ ಬಣ್ಣ) ಕೊಟ್ಟ ಸಂಜೆ ಅದೇ ಆರ್ಮ್ ಟಕ್ ಅಂತ ಮುರಿದು ಕೈಗೆ ಬಂತು. ಮಾರನೇ ದಿನ ನೋಡಿದರೆ ಮುಂದಿನ ಎಡಮೂಲೆಯಲ್ಲಿ, ಮೇಲಿನ ಬಾಡಿ ಕೆಳಗಿನ ಬಾಡಿಗೆ ಸೇರುವ ಕಡೆ, ಕೂದಲೆಳೆಯಷ್ಟು ಬಿರುಕು.

ಮೂರು ಬೇರೆ ಬೇರೆ ದೋಷ ಅಂದುಕೊಂಡಿದ್ದೆ. ಮೂರೂ ಒಂದೇ. ಬಾಡಿಯ ಕೆಳಭಾಗ, ಅಂದರೆ ಆ ತೊಟ್ಟಿಯಂಥ ಭಾಗ, ಒಣಗುವಾಗ ಸ್ವಲ್ಪ ತಿರುಚಿಕೊಂಡಿತ್ತು. ಒದ್ದೆ ಬಟ್ಟೆ ಹಿಂಡುವಾಗ ಎರಡು ಕೈ ಎರಡು ಕಡೆ ತಿರುಗುತ್ತವಲ್ಲ, ಹಾಗೆ. ಚಕ್ರ ಮೇಲೆದ್ದದ್ದು ಅದರಿಂದ. ಮೇಲಿನ ಬಾಡಿಯನ್ನು ಆ ತಿರುಚಿನ ಮೇಲೆ ಒತ್ತಿ ಕೂರಿಸಿದ್ದರಿಂದ ಜಾಯಿಂಟ್ ಬಿಟ್ಟಿತು. ಬಗ್ಗಿಸಿದ ಆರ್ಮ್ ಒಳಗೊಳಗೇ ಎಳೆದುಕೊಂಡು ಕೂತಿದ್ದರಿಂದ ಥಿನ್ನರ್ ತಾಗಿದ ಕೂಡಲೇ ಮುರಿಯಿತು. ಹಾಗಾಗಿ ಈ ಬರಹದಲ್ಲಿ ಜಾಸ್ತಿ ಜಾಗ ಬಾಡಿಗೇ ಕೊಡುತ್ತೇನೆ. ದೋಷ ಕಾಣುವ ಜಾಗ ಒಂದು, ಹುಟ್ಟುವ ಜಾಗ ಇನ್ನೊಂದು.

ಟ್ಯಾಂಕ್ ಮಾದರಿಗಳಲ್ಲಿ ಇದು ಇಷ್ಟು ಕಾಡುವುದಿಲ್ಲ. ಅಲ್ಲಿ ಒಂದು ಚಕ್ರ ಅರ್ಧ ಮಿಲಿಮೀಟರ್ ಮೇಲಿದ್ದರೂ ಟ್ರ್ಯಾಕ್ ಮುಚ್ಚಿಬಿಡುತ್ತದೆ. ಎಲ್‌ಎವಿ, ಸ್ಟ್ರೈಕರ್, ಬಿಟಿಆರ್-80 ಥರದ ಎಂಟು ಚಕ್ರದ ಗಾಡಿಗಳಲ್ಲಿ ಮುಚ್ಚಲು ಏನೂ ಇಲ್ಲ. ಹಂವೀ, ಎಂ-ಎಟಿವಿ ಥರದ ನಾಲ್ಕು ಚಕ್ರದವುಗಳಲ್ಲಂತೂ ಮೂರು ಯಾವಾಗಲೂ ಕೂರುತ್ತವೆ, ನಾಲ್ಕನೆಯದು ಸುಳ್ಳು ಹೇಳುವುದಿಲ್ಲ.

ಮೊದಲು ಗಾಜು ತನ್ನಿ

ಮರದ ಮೇಜಿನ ಮೇಲೆ ಪರೀಕ್ಷೆ ಮಾಡಬೇಡಿ, ಮೇಜೇ ಸೊಟ್ಟ ಇರಬಹುದು. ಒಂದು ದಪ್ಪ ಗಾಜಿನ ತುಂಡು ಅಥವಾ ಹಳೆಯ ಕನ್ನಡಿ ಸಾಕು. ಅದರ ಮೇಲೆ ಮಾದರಿ ಇಟ್ಟು ಒಂದೊಂದೇ ಮೂಲೆಯನ್ನು ಮೆಲ್ಲಗೆ ಒತ್ತಿ. ಅಡ್ಡಮೂಲೆಗೆ, ಅಂದರೆ ಮುಂದಿನ ಎಡ ಒತ್ತಿದಾಗ ಹಿಂದಿನ ಬಲ ಎದ್ದು, ಅದನ್ನು ಒತ್ತಿದರೆ ಇದು ಎದ್ದು, ತೊಟ್ಟಿಲಿನ ಹಾಗೆ ಆಡಿದರೆ ಅದು ತಿರುಚು. ಎರಡೂ ಕಡೆ ನಡುವಿನ ಚಕ್ರಗಳು ಒಂದೇ ಥರ ಮೇಲಿದ್ದರೆ, ಅಥವಾ ನಡುವಿನವು ಮಾತ್ರ ಕೂತು ಮುಂದೆ ಹಿಂದೆ ಆಡುತ್ತಿದ್ದರೆ, ಬಾಡಿ ಉದ್ದಕ್ಕೆ ಬಾಳೆಹಣ್ಣಿನ ಹಾಗೆ ಬಾಗಿದೆ. ಏನೂ ಆಡದೆ, ಒಂದೇ ಒಂದು ಚಕ್ರ ಮಾತ್ರ ಮೇಲಿದ್ದರೆ, ಆಗ ಆ ಚಕ್ರ ಅಥವಾ ಆ ಆರ್ಮ್ ಮೇಲೆ ಅನುಮಾನ ಪಡಬಹುದು. ಅಲ್ಲಿಯವರೆಗೆ ಬೇಡ.

ಎಷ್ಟು ಮೇಲಿದೆ ಅಂತ ಅಳೆಯಲು ಸಾಮಾನ್ಯ ಪ್ರಿಂಟರ್ ಕಾಗದ ಕತ್ತರಿಸಿ ಪಟ್ಟಿ ಮಾಡಿಕೊಳ್ಳಿ. ಒಂದು ಹಾಳೆ ಹೆಚ್ಚುಕಡಿಮೆ 0.1 ಮಿಲಿಮೀಟರ್ ದಪ್ಪ. ಪ್ರತಿ ಚಕ್ರದ ಕೆಳಗೆ ಒಂದೊಂದೇ ಹಾಳೆ ತೂರಿಸುತ್ತಾ ಹೋಗಿ, ಎಷ್ಟನೆಯ ಹಾಳೆಗೆ ಸಿಕ್ಕಿಕೊಳ್ಳುತ್ತದೆ ಅಂತ ಎಂಟೂ ಚಕ್ರಕ್ಕೆ ಬರೆದಿಡಿ. ಈ ಬರೆದಿಡುವುದು ಮುಖ್ಯ. ಯಾಕೆಂದರೆ ನನ್ನ ಎಲ್‌ಎವಿಯಲ್ಲಿ ಕಡೆಯ ಚಕ್ರ ಒಂದೇ ಎದ್ದಿದೆ ಅಂತ ಕಣ್ಣಿಗೆ ಕಂಡಿತ್ತು. ಆದರೆ ಅದರ ಮುಂದಿನದೂ ಸ್ವಲ್ಪ ಮೇಲಿತ್ತು, ಅದರ ಮುಂದಿನದು ಇನ್ನೂ ಸ್ವಲ್ಪ ಕಡಿಮೆ. ಹೀಗೆ ಸಾಲಾಗಿ ಮೆಟ್ಟಿಲಿನ ಹಾಗೆ ಏರುತ್ತಾ ಹೋದರೆ ಅದು ಖಂಡಿತ ಬಾಡಿಯ ತಿರುಚು. ಒಂದು ಆರ್ಮ್ ಕೆಟ್ಟರೆ ಪಕ್ಕದವನು ಯಾಕೆ ಏಳಬೇಕು ಅಲ್ವಾ?

ತಿರುಚು ಎಷ್ಟು ಚಿಕ್ಕದಿದ್ದರೂ ಕಾಣುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ. ಎಲ್‌ಎವಿ-25 ನಿಜದಲ್ಲಿ ಸುಮಾರು 6.4 ಮೀಟರ್ ಉದ್ದ, 2.5 ಮೀಟರ್ ಅಗಲ. 1/35ರಲ್ಲಿ 18 ಸೆಂಟಿಮೀಟರ್ ಚಿಲ್ಲರೆ ಉದ್ದ, 7 ಸೆಂಟಿಮೀಟರ್ ಅಗಲ. ಹಿಂದಿನ ತುದಿ ಮುಂದಿನ ತುದಿಗಿಂತ ಬರೀ ಒಂದು ಡಿಗ್ರಿ ತಿರುಗಿದ್ದರೂ ಒಂದು ಮೂಲೆಯ ಚಕ್ರ 1 ಮಿಲಿಮೀಟರ್‌ನಷ್ಟು ಏಳುತ್ತದೆ. ನಿಜ ಗಾಡಿಯಲ್ಲಿ ಅದು 3.5 ಸೆಂಟಿಮೀಟರ್. ಹತ್ತು ಟನ್ನಿಗಿಂತ ಜಾಸ್ತಿ ತೂಕದ ಗಾಡಿ ಸಪಾಟು ನೆಲದಲ್ಲಿ ಹಾಗೆ ನಿಲ್ಲುವುದಿಲ್ಲ ಅಂತ ಏನೂ ಗೊತ್ತಿಲ್ಲದವರ ಕಣ್ಣಿಗೂ ತಿಳಿಯುತ್ತದೆ.

ಬಾಡಿ ಇನ್ನೂ ಬರಿದಾಗಿದ್ದರೆ, ಚಕ್ರ ಹಾಕುವ ಮೊದಲು, ಬಡಗಿಗಳು ಹಲಗೆ ನೋಡುವ ಉಪಾಯ ಬಳಸಿ. ಎರಡು ನೇರವಾದ ಸ್ಟೀಲ್ ಪಟ್ಟಿಗಳನ್ನು ತೊಟ್ಟಿಯ ಮೇಲಂಚಿನ ಮೇಲೆ ಅಡ್ಡಕ್ಕೆ ಇಡಿ, ಒಂದು ಮುಂದೆ ಒಂದು ಹಿಂದೆ. ಒಂದು ಕಣ್ಣು ಮುಚ್ಚಿ ಮುಂದಿನ ಪಟ್ಟಿಯ ಅಂಚಿನಿಂದ ಹಿಂದಿನದನ್ನು ನೋಡಿ. ಎರಡೂ ಒಂದಕ್ಕೊಂದು ಸಮವಾಗಿ ಕಂಡರೆ ಸರಿ. ಒಂದು ಕಡೆ ಹಿಂದಿನ ಪಟ್ಟಿ ಜಾಸ್ತಿ ಇಣುಕಿದರೆ ತಿರುಚಿದೆ. ಇದು ನಿಮಿಷದ ಕೆಲಸ. ನಾನು ಈಗ ಪ್ರತಿ ಕಿಟ್‌ನಲ್ಲೂ ಇದನ್ನು ಮಾಡದೆ ಮುಂದಿನ ಹಂತಕ್ಕೆ ಹೋಗುವುದಿಲ್ಲ.

ತಿರುಚು ಎಲ್ಲಿಂದ ಬರುತ್ತದೆ

ಎರಡು ಥರದ ಕಿಟ್ ಇವೆ. ಕೆಲವುಗಳಲ್ಲಿ ಕೆಳಭಾಗ ಒಂದೇ ಅಚ್ಚಿನಲ್ಲಿ ಬರುತ್ತದೆ. ಅದು ಸೊಟ್ಟ ಇದ್ದರೆ ಪೆಟ್ಟಿಗೆ ತೆಗೆದಾಗಲೇ ಸೊಟ್ಟ. ಇನ್ನು ಕೆಲವುಗಳಲ್ಲಿ ತಳ, ಎರಡು ಪಕ್ಕ, ಹಿಂಬದಿ ಎಲ್ಲ ಬೇರೆ ಬೇರೆ ಹಲಗೆ. ಇವುಗಳಲ್ಲಿ ತಪ್ಪು ನಮ್ಮ ಕೈಯಲ್ಲೇ ಆಗುತ್ತದೆ. ಮಾಮೂಲಿ ತಪ್ಪು ರಬ್ಬರ್ ಬ್ಯಾಂಡ್. ತೆಳು ಅಂಟು ಹಾಕಿ ಸುತ್ತ ನಾಲ್ಕು ರಬ್ಬರ್ ಬ್ಯಾಂಡ್ ಬಿಗಿದು ರಾತ್ರಿಯಿಡೀ ಬಿಟ್ಟರೆ ಬ್ಯಾಂಡ್ ಒಂದು ಕಡೆಗೆ ಎಳೆಯುತ್ತದೆ. ಅಂಟು ಪ್ಲಾಸ್ಟಿಕ್ ಅನ್ನು ಕರಗಿಸಿ ಬೆಸೆಯುವಂಥದ್ದು, ಅದು ಪೂರ್ತಿ ಗಟ್ಟಿಯಾಗುವ ತನಕ ಜಾಯಿಂಟ್ ಮೆತ್ತಗೇ ಇರುತ್ತದೆ. ಬೆಳಿಗ್ಗೆ ಎದ್ದಾಗ ತಿರುಚು ಶಾಶ್ವತ. ನನ್ನ ಎಲ್‌ಎವಿಗೆ ಆದದ್ದು ಇದೇ.

ಹಾಗಾದರೆ ಏನು ಮಾಡಬೇಕು? ತೊಟ್ಟಿಯನ್ನು ಗಾಜಿನ ಮೇಲೆ ಇಟ್ಟೇ ಕಟ್ಟಿ, ಮೂಲೆಮಟ್ಟ ಹಿಡಿದು ಪಕ್ಕದ ಹಲಗೆಗಳನ್ನು ನಿಲ್ಲಿಸಿ, ಬ್ಯಾಂಡ್ ಬದಲು ಮೇಲಿಂದ ಭಾರ ಇಡಿ. ಒಳಗೆ ಯಾರಿಗೂ ಕಾಣದ ಜಾಗದಲ್ಲಿ ದಪ್ಪ ಸ್ಪ್ರೂ (ಕಿಟ್‌ನ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ತುಂಡುಗಳನ್ನು ಅಡ್ಡ ತೊಲೆಯ ಹಾಗೆ ಎರಡು ಮೂರು ಕಡೆ ಅಂಟಿಸಿ. ಒಂದು ದಿನ ಪೂರ್ತಿ ಮುಟ್ಟಬೇಡಿ. ಇನ್ನೊಂದು ಮಾತು: ಮೇಲಿನ ಬಾಡಿಯನ್ನು ಅಂಟಿಲ್ಲದೆ ಒಮ್ಮೆ ಕೂರಿಸಿ ನೋಡಿ. ಬೆರಳಿನ ಒತ್ತಡ ಇಲ್ಲದೆ ತಾನಾಗಿ ಕೂತರೆ ಮಾತ್ರ ಅಂಟು ಹಾಕಿ. ಒತ್ತಿ ಹಿಡಿದರೆ ಮಾತ್ರ ಮುಚ್ಚುವ ಸಂದು ಇವತ್ತಲ್ಲ ನಾಳೆ ಬಿಟ್ಟೇ ಬಿಡುತ್ತದೆ.

ಬಾಡಿ ಬರಿದಾಗಿರುವಾಗಲೇ ತಿರುಚು ಕಂಡರೆ ಬಿಸಿನೀರು ಕೆಲಸ ಮಾಡುತ್ತದೆ. ಪಾಲಿಸ್ಟೈರೀನ್ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ, ಆದ್ದರಿಂದ ಕುದಿಯುವ ನೀರಿಗೆ ನೇರವಾಗಿ ಹಾಕಿದರೆ ಇಡೀ ಬಾಡಿ ಮುದ್ದೆಯಾಗುವ ಅಪಾಯ ಇದೆ. ಕುದಿದ ನೀರನ್ನು ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತು ಬಿಟ್ಟು, ಕೈಗೆ ಗ್ಲೌಸ್ ಹಾಕಿಕೊಂಡು, ಕೆಲವು ಸೆಕೆಂಡ್ ಅದ್ದಿ, ತಿರುಚಿದ ದಿಕ್ಕಿಗೆ ಎದುರಾಗಿ ತುಸುವೇ ಜಾಸ್ತಿ ತಿರುಗಿಸಿ ಹಿಡಿದು, ಹಾಗೇ ತಣ್ಣೀರಿನ ಕೆಳಗೆ ಹಿಡಿಯಿರಿ. ಒಂದೇ ಸಲಕ್ಕೆ ಸರಿ ಮಾಡಲು ಹೋಗಬೇಡಿ. ಸ್ವಲ್ಪ ಸ್ವಲ್ಪವಾಗಿ ಮೂರು ನಾಲ್ಕು ಸಲ. ಪ್ರತಿ ಸಲ ಗಾಜಿನ ಮೇಲೆ ಇಟ್ಟು ನೋಡಿ. ಒಂದೇ ಅಚ್ಚಿನ ತೊಟ್ಟಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಹಲಗೆ ಹಲಗೆ ಜೋಡಿಸಿದ್ದಾದರೆ ಜಾಯಿಂಟ್ ಬಿಡಿಸಿ ಮತ್ತೆ ಅಂಟಿಸುವುದೇ ಒಳ್ಳೆಯದು.

ಬಾಡಿ ನೆಟ್ಟಗಿದೆ, ಆದರೂ ಒಂದು ಚಕ್ರ ಮೇಲಿದೆ

ಈಗ ಚಕ್ರದ ಸರದಿ. ಮೇಲಿರುವ ಚಕ್ರವನ್ನು ಬಿಚ್ಚಿ ಬೇರೆ ಚಕ್ರದ ಜೊತೆ ಅದಲುಬದಲು ಮಾಡಿ. ದೋಷ ಚಕ್ರದ ಜೊತೆ ಹೋದರೆ ಚಕ್ರದ ತೂತು ನಡುವಿನಲ್ಲಿ ಇಲ್ಲ ಅಂತ ಅರ್ಥ. ದೋಷ ಅಲ್ಲೇ ಉಳಿದರೆ ಆರ್ಮ್. ಎಷ್ಟು ಸುಲಭ ನೋಡಿ, ಆದರೆ ಚಕ್ರವನ್ನು ಮೊದಲೇ ಅಂಟಿಸಿಬಿಟ್ಟರೆ ಈ ಪರೀಕ್ಷೆ ಕೈ ತಪ್ಪುತ್ತದೆ. ಅದಕ್ಕೇ ನಾನು ಚಕ್ರಗಳನ್ನು ಬಣ್ಣ ಎಲ್ಲ ಮುಗಿದ ಮೇಲೆ ಕಡೆಗೆ ಹಾಕುತ್ತೇನೆ.

ಆರ್ಮ್ ತಪ್ಪಾಗಲು ದೊಡ್ಡ ಕಾರಣ ಎಡ ಬಲ ಅಥವಾ ಮುಂದು ಹಿಂದು ಬದಲಾಗುವುದು. ಎಲ್‌ಎವಿಯಲ್ಲಿ ಮುಂದಿನ ನಾಲ್ಕು ಚಕ್ರಕ್ಕೆ ಸುರುಳಿ ಸ್ಪ್ರಿಂಗ್, ಹಿಂದಿನ ನಾಲ್ಕಕ್ಕೆ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಸರಳು. ಅಂದರೆ ಕಿಟ್‌ನಲ್ಲೂ ಭಾಗಗಳ ಆಕಾರ ಬೇರೆ. ಸ್ಪ್ರೂನಿಂದ ಎಲ್ಲವನ್ನೂ ಒಟ್ಟಿಗೆ ಕತ್ತರಿಸಿ ಗುಡ್ಡೆ ಹಾಕಿದರೆ ಗೊಂದಲ ಖಂಡಿತ. ಒಂದು ಮೂಲೆ ಮುಗಿಸಿ ಇನ್ನೊಂದಕ್ಕೆ ಹೋಗಿ. ಎರಡನೇ ಕಾರಣ, ಗೇಟ್ (ಭಾಗ ಸ್ಪ್ರೂಗೆ ಅಂಟಿಕೊಂಡಿರುವ ತುದಿ) ಕತ್ತರಿಸಿದ ಜಾಗದಲ್ಲಿ ಉಳಿದ ಮೊನೆ. ಅದು ತೂತಿನೊಳಗೆ ಆರ್ಮ್ ಅನ್ನು ಓರೆ ಮಾಡುತ್ತದೆ. ಚಾಕುವಿನಿಂದ ಸವರಿ, ಅಂಟಿಲ್ಲದೆ ಹಾಕಿ ನೋಡಿ.

ಮುಂದಿನ ಚಕ್ರಗಳನ್ನು ತಿರುಗಿಸಿ ತೋರಿಸುವ ಆಸೆ ಇದ್ದರೆ ಇದೂ ನೆನಪಿರಲಿ: ಎಲ್‌ಎವಿ, ಸ್ಟ್ರೈಕರ್, ಬಿಟಿಆರ್-80 ಮೂರರಲ್ಲೂ ಮುಂದಿನ ಎರಡು ಜೋಡಿ ಚಕ್ರ ತಿರುಗುತ್ತವೆ, ಎರಡನೆಯ ಜೋಡಿ ಮೊದಲಿನದಕ್ಕಿಂತ ಕಡಿಮೆ. ಎರಡನ್ನೂ ಒಂದೇ ಕೋನಕ್ಕೆ ತಿರುಗಿಸಿದರೆ ಅಂಟು, ಬಣ್ಣ ಎಲ್ಲ ಸರಿ ಇದ್ದರೂ ಗಾಡಿ ಏನೋ ತಪ್ಪಾಗಿ ಕಾಣುತ್ತದೆ.

ಕಾಗದ ಎರಡು ಮೂರು ಹಾಳೆಯಷ್ಟೇ ವ್ಯತ್ಯಾಸ ಇದ್ದರೆ, ಅಂದರೆ 0.3 ಮಿಲಿಮೀಟರ್ ಒಳಗೆ, ಬೇರೇನೂ ಕೀಳಬೇಡಿ. ಕೂತಿರುವ ಚಕ್ರಗಳ ತಳವನ್ನು ಉಪ್ಪುಕಾಗದದ ಮೇಲೆ ಸ್ವಲ್ಪ ಉಜ್ಜಿ ಚಪ್ಪಟೆ ಮಾಡಿ. ನಿಜ ಟೈರೂ ಭಾರಕ್ಕೆ ತಳದಲ್ಲಿ ಚಪ್ಪಟೆಯಾಗಿಯೇ ಇರುತ್ತದೆ, ಹಾಗಾಗಿ ಇದು ನೋಡಲೂ ಚೆಂದ.

ಹಂವೀ ಒಂದು ಕಡೆ ವಾಲಿದ್ದರೆ ಬೇರೆ ಕಥೆ. ನಾಲ್ಕೂ ಚಕ್ರ ನೆಲದಲ್ಲಿದ್ದು ಮೈ ಮಾತ್ರ ಓರೆ ಇದ್ದರೆ, ಗಾಜಿನಿಂದ ಬಾಗಿಲ ಕೆಳಗಿನ ಅಂಚಿನ ತನಕ ನಾಲ್ಕೂ ಮೂಲೆಯಲ್ಲಿ ಅಳೆಯಿರಿ. ಅಲ್ಲಿ ಚೌಕಟ್ಟು ಬೇರೆ, ಮೈ ಬೇರೆ. ಚೌಕಟ್ಟು ಮಟ್ಟವಾಗಿದ್ದರೆ ಮೈ ಕೂರುವ ಕಡೆ ಅಂಟಿನ ಮುದ್ದೆಯೋ, ಒಳಗಿನ ಸೀಟೋ, ನೆಲಹಲಗೆಯೋ ಎತ್ತುತ್ತಿದೆ ಅಂತ ತಿಳಿಯಿರಿ.

ವಾಶ್ ಕೊಟ್ಟ ಮೇಲೆ ಮುರಿಯುವುದು

ಇದನ್ನು ಬೇರೆಯಾಗಿ ಹೇಳಲೇಬೇಕು, ಯಾಕೆಂದರೆ ಜನ ಥಿನ್ನರ್ ಅನ್ನೇ ಬೈಯುತ್ತಾರೆ. ಎನಾಮಲ್ ಥಿನ್ನರ್ ಸುಮ್ನೆ ಇರುವ ಪ್ಲಾಸ್ಟಿಕ್‌ಗೆ ಅಷ್ಟೇನೂ ಮಾಡುವುದಿಲ್ಲ. ಎಳೆತದಲ್ಲಿರುವ ಪ್ಲಾಸ್ಟಿಕ್ ಒಳಗೆ ಇಳಿದರೆ ಮಾತ್ರ ಸಣ್ಣ ಸಣ್ಣ ಬಿರುಕು ತೆರೆಯುತ್ತದೆ. ಗಾಡಿಯ ತಳಕ್ಕೆ ಸಾಮಾನ್ಯವಾಗಿ ಬಣ್ಣ ಸರಿಯಾಗಿ ಹತ್ತಿರುವುದಿಲ್ಲ, ವಾಶ್ ಮಾತ್ರ ಧಾರಾಳವಾಗಿ ಸುರಿಯುತ್ತೇವೆ. ಅಲ್ಲೇ ಬಗ್ಗಿಸಿ ಅಂಟಿಸಿದ ಆರ್ಮ್‌ಗಳೂ ಇರುತ್ತವೆ. ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿ. ಬಿಸ್ಕತ್ ಮುರಿದ ಹಾಗೆ ಚೊಕ್ಕವಾಗಿ ಮುರಿದಿದ್ದರೆ ಥಿನ್ನರ್ ಕೆಲಸ. ಎಳೆದು ಬಿಳಿಚಿಕೊಂಡಿದ್ದರೆ ಕೈಯ ಒತ್ತಡ. ತಡೆಯುವ ದಾರಿ: ಒತ್ತಾಯವಿಲ್ಲದೆ ಕೂರಿಸುವುದು, ತಳಕ್ಕೂ ಪೂರ್ತಿ ಪ್ರೈಮರ್ ಮತ್ತು ವಾರ್ನಿಶ್ ಕೊಡುವುದು, ವಾಶ್ ಮಡುಗಟ್ಟಲು ಬಿಡದಿರುವುದು.

ಬಾಡಿಗೆ ಸಂಬಂಧಿಸದ ದೋಷಗಳು

ಕಿಟಕಿ ಮಂಜಾಗುವುದು. ಎಂ1114, ಎಂ1151 ಥರದ ಕವಚದ ಹಂವೀಗಳ ದಪ್ಪ ಗುಂಡುನಿರೋಧಕ ಗಾಜು ಮಾದರಿಯ ಅಂದ ಹೆಚ್ಚಿಸುವ ಭಾಗ, ಅದಕ್ಕೇ ಮೊದಲು ಕೆಡುವುದೂ ಅದೇ. ಬಿಳಿ ಮಂಜು ಸೂಪರ್‌ಗ್ಲೂ ಆವಿಯಿಂದ ಬರುತ್ತದೆ. ಕಿಟಕಿಗೆ ಸೂಪರ್‌ಗ್ಲೂ ಹಾಕದಿದ್ದರೂ, ಒಳಗೆ ಬೇರೆ ಭಾಗ ಅದರಲ್ಲಿ ಅಂಟಿಸಿ ಕೂಡಲೇ ಛಾವಣಿ ಮುಚ್ಚಿದರೆ ಆವಿ ಒಳಗೇ ಸುತ್ತುತ್ತದೆ. ಕಿಟಕಿಗೆ ಬಿಳಿ ಪಿವಿಎ ಅಂಟು ಸಾಕು. ಈಗಾಗಲೇ ಮಂಜಾಗಿದ್ದರೆ ತೆಗೆದು, ತುಂಬಾ ನುಣುಪಾದ ಪಾಲಿಶ್‌ನಿಂದ ಉಜ್ಜಿ, ಹೊಳಪಿನ ಅಕ್ರಿಲಿಕ್ ವಾರ್ನಿಶ್‌ನಲ್ಲಿ ಅದ್ದಿ ಧೂಳು ಬೀಳದ ಹಾಗೆ ಒಣಗಿಸಿ. ಹಸಿರು ಛಾಯೆ ಕೊಡುವಾಗ ಬ್ರಷ್ ಗೆರೆ ಬೀಳುತ್ತಿದ್ದರೆ ಬ್ರಷ್ ಬಿಡಿ, ಅದೇ ವಾರ್ನಿಶ್‌ಗೆ ಪಾರದರ್ಶಕ ಹಸಿರು ಹನಿ ಹಾಕಿ ಅದ್ದಿ ತೆಗೆಯಿರಿ.

ಟೈರ್ ಅಂಟಂಟಾಗುವುದು. ಮೆತ್ತನೆಯ ವಿನೈಲ್ ಟೈರ್ ಮೇಲೆ ಎನಾಮಲ್ ಬಣ್ಣ ಹೊಡೆದರೆ ತಿಂಗಳಾದರೂ ಒಣಗದಿರಬಹುದು. ವಿನೈಲ್ ಮೆತ್ತಗಿರಲು ಸೇರಿಸಿದ ಎಣ್ಣೆಯಂಥ ಪದಾರ್ಥ ಮೇಲಕ್ಕೆ ಒಸರುತ್ತದೆ. ಅದೇ ಪದಾರ್ಥ ವರ್ಷಗಳ ಮೇಲೆ ಪ್ಲಾಸ್ಟಿಕ್ ರಿಮ್ ಅನ್ನೂ ಕರಗಿಸಬಹುದು. ಅಕ್ರಿಲಿಕ್ ಬಳಸಿ, ರಿಮ್‌ನ ಹೊರಮೈಗೆ ಎರಡು ಪದರ ಬಣ್ಣ ಕೊಟ್ಟು ಮೇಲೆ ಟೈರ್ ಹಾಕಿ. ಇಷ್ಟವಾದ ಮಾದರಿಗೆ ನಾನು ರೆಸಿನ್ ಟೈರ್‌ಗೆ ಬದಲಾಯಿಸಿಬಿಡುತ್ತೇನೆ, ಆ ಚಿಂತೆಯೇ ಇರುವುದಿಲ್ಲ.

ಸ್ಟ್ರೈಕರ್‌ನ ಪಂಜರ. 2003ರ ಕೊನೆಯಲ್ಲಿ ಇರಾಕಿಗೆ ಹೋದ ಸ್ಟ್ರೈಕರ್‌ಗಳಿಗೆ ರಾಕೆಟ್ ತಡೆಯಲು ಸುತ್ತಲೂ ಕಬ್ಬಿಣದ ಪಂಜರ ಹಾಕಿದ್ದರು. ಮಾದರಿಯಲ್ಲಿ ಅದು ಹಿತ್ತಾಳೆಯ ಫೋಟೋ ಎಚ್ (ರಾಸಾಯನಿಕದಿಂದ ಕೊರೆದು ಮಾಡಿದ ತೆಳು ಲೋಹದ ಹಾಳೆ) ಆಗಿದ್ದರೆ ಎರಡು ಕಾಯಿಲೆ: ಅಲೆ ಅಲೆಯಾಗುವುದು, ಕಿತ್ತುಬರುವುದು. ಅಲೆಯಾದರೆ ಬೆರಳಲ್ಲಿ ನೇರ ಮಾಡಲು ಹೋಗಬೇಡಿ. ಗಾಜಿನ ಮೇಲೆ ಇಟ್ಟು ಗಾಜಿನ ಸೀಸೆ ಉರುಳಿಸಿ. ಬೆಂಕಿಗೆ ಹಿಡಿದು ಮೆತ್ತಗೆ ಮಾಡುವ ಉಪಾಯ ದುಂಡಗೆ ಬಗ್ಗಿಸುವ ಭಾಗಕ್ಕೆ ಸರಿ, ಪಂಜರದ ಪಟ್ಟಿಗಳಿಗೆ ಬೇಡ, ಆಮೇಲೆ ಮುಟ್ಟಿದರೆ ಬಾಗುತ್ತವೆ. ಕಿತ್ತುಬಂದರೆ ಮತ್ತೆ ತಿರುಚನ್ನೇ ಅನುಮಾನಿಸಿ. ಸೂಪರ್‌ಗ್ಲೂ ಗಟ್ಟಿ, ಆದರೆ ಬಾಗುವುದಿಲ್ಲ. ಬಾಡಿ ಸೊಟ್ಟ ಇದ್ದು ಪಂಜರ ನೇರ ಇದ್ದರೆ ಒಂದು ಕೊನೆ ಯಾವಾಗಲೂ ಎಳೆತದಲ್ಲಿರುತ್ತದೆ. ಹಿತ್ತಾಳೆಗೆ ಹಿತ್ತಾಳೆ ಸೇರುವ ಕಡೆ ಬೆಸುಗೆ ಹಾಕುವುದೇ ಉತ್ತಮ.

ಬಣ್ಣ ಒರಟಾಗುವುದು. ಎಫ್‌ಎಸ್ 33446 (ಅಮೆರಿಕದ ಸರಕಾರಿ ಬಣ್ಣಪಟ್ಟಿಯ ಸಂಖ್ಯೆ) ಮರಳು ಬಣ್ಣದಲ್ಲಿ ಇದು ಜಾಸ್ತಿ ಕಾಣುತ್ತದೆ. ಒಣಗಿದ ಮೇಲೆ ಬೆರಳಾಡಿಸಿ. ಬೆರಳಿಗೆ ಪುಡಿ ಹತ್ತಿದರೆ ಬಣ್ಣ ಗಾಳಿಯಲ್ಲೇ ಒಣಗಿ ಬಿದ್ದಿದೆ, ಏರ್‌ಬ್ರಷ್ ಹತ್ತಿರ ತನ್ನಿ, ಒತ್ತಡ ಇಳಿಸಿ, ಇನ್ನಷ್ಟು ತೆಳು ಮಾಡಿ. ಪುಡಿ ಇಲ್ಲದೆ ಕಿತ್ತಳೆ ಸಿಪ್ಪೆಯ ಹಾಗೆ ಉಬ್ಬುತಗ್ಗು ಇದ್ದರೆ ಬಣ್ಣ ದಪ್ಪ. ನೇಟೋ ಮೂರು ಬಣ್ಣದ ಕ್ಯಾಮೊ ಮಾಡುವಾಗ ಮಾಸ್ಕಿಂಗ್ ಟೇಪ್ ಜೊತೆ ಬಣ್ಣ ಎದ್ದು ಬಂದರೆ, ಎದ್ದ ಜಾಗ ನೋಡಿ. ಬರೀ ಪ್ಲಾಸ್ಟಿಕ್ ಕಂಡರೆ ಕಿಟ್ ಅನ್ನು ಸೋಪು ನೀರಲ್ಲಿ ತೊಳೆಯದೇ ಇದ್ದದ್ದು ಕಾರಣ. ಪ್ರೈಮರ್ ಉಳಿದಿದ್ದರೆ ಪ್ರೈಮರ್ ಮತ್ತು ಬಣ್ಣ ಒಂದಕ್ಕೊಂದು ಹಿಡಿದಿಲ್ಲ.

ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಬೆಳ್ಳಿಯಂತೆ ಹೊಳೆಯುವುದು. ಮ್ಯಾಟ್ ಬಣ್ಣದ ಸಣ್ಣ ಗುಳಿಗಳಲ್ಲಿ ಗಾಳಿ ಸಿಕ್ಕಿದೆ. ಸೂಜಿಯಿಂದ ಹತ್ತಾರು ಕಡೆ ಚುಚ್ಚಿ ಡೆಕಾಲ್ ಸಾಫ್ಟ್‌ನರ್ ಬಿಡಿ, ಒಣಗಲಿ, ಮತ್ತೆ ಬಿಡಿ. ಮುಂದಿನ ಸಲ ಮೊದಲು ಹೊಳಪಿನ ವಾರ್ನಿಶ್.

ಎಲ್ಲ ಮುಗಿದ ಮೇಲೆ ತಿರುಚು ಸಿಕ್ಕರೆ

ನನ್ನ ಎಲ್‌ಎವಿ ಈ ಸ್ಥಿತಿಯಲ್ಲಿತ್ತು. ಬಣ್ಣ ಆಗಿತ್ತು, ಬಿಸಿನೀರು ಸಾಧ್ಯವಿರಲಿಲ್ಲ. ಬಿಟ್ಟುಬಿಡಲು ಮನಸ್ಸಾಗಲಿಲ್ಲ. ಟರೆಟ್, ಚಕ್ರ ತೆಗೆದಿಟ್ಟೆ. ಮೊದಲೇ ಬಿರುಕು ಬಿಟ್ಟ ಜಾಯಿಂಟ್‌ನಿಂದ ಶುರು ಮಾಡಿ, ತೆಳು ಗರಗಸದಿಂದ ಮೇಲಿನ ಬಾಡಿಯನ್ನು ಸುತ್ತಲೂ ಬಿಡಿಸಿದೆ. ಎರಡು ಸಂಜೆ ಹಿಡಿಯಿತು. ಬಿಡುತ್ತಿದ್ದಂತೆ ಮೇಲಿನ ಬಾಡಿ ತಾನಾಗಿ ನೆಟ್ಟಗಾಯಿತು, ಅದರಲ್ಲಿ ದೋಷ ಇರಲೇ ಇಲ್ಲ. ಕೆಳಗಿನ ತೊಟ್ಟಿಯ ಹಿಂಬದಿ ಹಲಗೆಯ ಎರಡು ಮೂಲೆ ಕೊಯ್ದು ಎಳೆತ ಸಡಿಲ ಮಾಡಿ, ಗಾಜಿಗೆ ಟೇಪ್‌ನಿಂದ ಬಿಗಿದು, ಒಳಗೆ ಮೂರು ಅಡ್ಡ ತೊಲೆ ಅಂಟಿಸಿ ಎರಡು ದಿನ ಬಿಟ್ಟೆ. ಮುರಿದ ಆರ್ಮ್‌ಗೆ ಎರಡೂ ಕಡೆ 0.5 ಮಿಲಿಮೀಟರ್ ತೂತು ಕೊರೆದು ಹಿತ್ತಾಳೆ ತಂತಿಯ ತುಂಡು ಸೇರಿಸಿ ಸೂಪರ್‌ಗ್ಲೂ ಹಾಕಿದೆ. ಈ ಸಲ ಬಗ್ಗಿಸಲಿಲ್ಲ.

ಮತ್ತೆ ಮೇಲಿನ ಬಾಡಿ ಕೂರಿಸಿ, ಜಾಯಿಂಟ್‌ಗೆ ಪುಟ್ಟಿ ತುಂಬಿ, ಅಷ್ಟು ಜಾಗಕ್ಕೆ ಮಾತ್ರ ಬಣ್ಣ ಹೊಡೆದೆ. ಹತ್ತಿರದಿಂದ ನೋಡಿದರೆ ಎಡಮೂಲೆಯಲ್ಲಿ ಬಣ್ಣದ ವ್ಯತ್ಯಾಸ ಇನ್ನೂ ಕಾಣುತ್ತದೆ. ಸರಿ ಮಾಡಿದ ರಾತ್ರಿ ಮಟ್ಟವಾಗಿದ್ದದ್ದು ಬೆಳಿಗ್ಗೆ ಮತ್ತೆ ತಿರುಚುವುದುಂಟು, ಹಾಗಾಗಿ ಒಂದು ವಾರ ದಿನಾ ಗಾಜಿನ ಮೇಲೆ ಇಟ್ಟು ಕಾಗದ ತೂರಿಸಿ ನೋಡಿದೆ. ಏಳನೇ ದಿನವೂ ಎಂಟೂ ಚಕ್ರದ ಕೆಳಗೆ ಮೊದಲ ಹಾಳೆಯೇ ಸಿಕ್ಕಿಕೊಂಡಿತು. ಆಮೇಲೆ ಚಕ್ರಗಳಿಗೆ ಅಂಟು ಹಾಕಿದೆ.